ಕರೆಂಟು ಹೋದ ದಿನಕ್ಕೆ ಎಷ್ಟು ಮಾರ್ಕು

ತಿಗನಾರೆಯ ಸುಧಾಮಣಿ ಹದಿನಾರು ವರ್ಷ ಒಬ್ಬ ಹಾಡುಗಾರನ ಸದ್ದಿನ ಒಳಗೆ ಸಂಸಾರ ಮಾಡಿದಳು. ಆ ಹಾಡುಗಾರನನ್ನು ಅವಳು ಕಂಡವಳಲ್ಲ. ಕಂಡವನು ಗಂಡ ನಟರಾಜ್. ಅವನೂ ಎರಡೇ ಸಲ ಕಂಡಿದ್ದು, ಜನರ ತಲೆಗಳ ಸಂದಿಯಿಂದ.

ಹಾಡುಗಾರ ಮೈಸೂರು ಕಡೆಯ ಉಮಾಶಂಕರ್. ಹೆಗಲ ಮೇಲೆ ಕಪ್ಪು ಕಂಬಳಿ, ಕೈಯಲ್ಲಿ ಕರೆಂಟಿನ ಗಿಟಾರು, ಹಿಂದೆ ಡ್ರಮ್ಮು ಬಡಿಯುವವನೊಬ್ಬ. ರಾಕ್ ಅಂತಾರೆ ಅದಕ್ಕೆ. ಒಟ್ಟು ಏಳು ಸಿಡಿ ಬಂದವು. ನಾಲ್ಕು ಸ್ಟುಡಿಯೋದಲ್ಲಿ ಮಾಡಿದ್ದು, ಮೂರು ಜನರ ಮುಂದೆ ಹಾಡಿದ್ದು. ಆಮೇಲೆ ಅವನು ಹಾಡುವುದನ್ನು ಬಿಟ್ಟ. ಯಾಕೆ ಬಿಟ್ಟ ಅಂತ ನಟರಾಜನಿಗೂ ಗೊತ್ತಿರಲಿಲ್ಲ.

ನಟರಾಜ್ ಟೆಂಪೋ ಓಡಿಸುತ್ತಿದ್ದ. ಎಲೆಕೋಸು ತುಂಬಿಕೊಂಡು ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗುವನು. ಇಳಿಯುವಾಗ ಒಂದು ಸಿಡಿ, ಹತ್ತುವಾಗ ಒಂದು ಸಿಡಿ. ಮನೆಗೆ ಬಂದರೆ ಮತ್ತೆ ಅದೇ. ಸಿಡಿಗಳ ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ಹತ್ತಕ್ಕೆ ಇಷ್ಟು ಅಂತ ಮಾರ್ಕು ಹಾಕಿದ್ದ. ವರ್ಷಕ್ಕೊಂದು ಸಲ ಏಳನ್ನೂ ಮೊದಲಿಂದ ಕೇಳಿ ಮಾರ್ಕು ಸರಿಯಿದೆಯಾ ನೋಡುವನು. ಒಂದೊಂದನ್ನು ಮೂರು ಸಲ ಕೇಳುವನು.

"ಮೊದ್ಲಿಂದ ಕೇಳ್ದೆ ಕೊನೇದ್ಕ ಮಾರ್ಕ್ ಕೊಡವ್ನು ಕಳ್ಳ ಕಣೆ" ಅನ್ನುವನು.

ಅವಳು ಮಾಡಿದ ಸಾರಿಗೂ ಮಾರ್ಕು ಇತ್ತು. ಏಳರ ಮೇಲೆ ಕೊಟ್ಟ ನೆನಪು ಅವಳಿಗಿಲ್ಲ. ಆದರೆ ಹಾಡಿನ ಬಗ್ಗೆ ಅವಳನ್ನು ಕೇಳುತ್ತಿರಲಿಲ್ಲ. ಅವಳು ಐದನೇ ಕ್ಲಾಸು, ಅದೂ ಗೆಟ್ಟವಾಡಿ ಸ್ಕೂಲಿನಲ್ಲಿ. ಅವಳಿಗೇನು ತಿಳಿಯುತ್ತದೆ ಅಂತ ಅವನೂ ಅಂದುಕೊಂಡಿದ್ದ, ಅವಳೂ ಅಂದುಕೊಂಡಿದ್ದಳು.

ಕೇಳಿದ್ದು ಒಂದೇ ಸಲ. ಕಾಮಾಲೆ ಏರಿ ಅವನ ಕಣ್ಣು ಅರಿಶಿನ ಆಗಿತ್ತು. ಜಿ.ಎಚ್. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಏಳನೆಯ ಸಿಡಿಯನ್ನು ಎದೆಯ ಮೇಲೆ ಇಟ್ಟುಕೊಂಡು ಮಲಗಿದ್ದ.

"ಇದ್ಕ ನಾ ಮೂರು ಕೊಟ್ಟಿವ್ನಿ. ನೀ ಎಷ್ಟ್ ಕೊಡ್ತಿಯ?"

ಅವಳು ಗಂಜಿ ಆರಿಸುತ್ತಿದ್ದಳು. ಆ ಸಿಡಿಯನ್ನು ಅವಳು ಪೂರ್ತಿ ಕೇಳಿಯೇ ಇರಲಿಲ್ಲ. ಹಾಕಿದಾಗಲೆಲ್ಲ ಎರಡು ಹಾಡಿಗೆ ಅವನೇ ತೆಗೆದುಬಿಡುತ್ತಿದ್ದ.

"ನೀವ್ ಕೊಟ್ಟಷ್ಟೇಯ" ಅಂದಳು.

"ಅಷ್ಟೇಯಾ" ಅಂದು ಗೋಡೆ ಕಡೆ ತಿರುಗಿದ. ಮೂರನೆಯ ದಿನ ಹೋಗಿಬಿಟ್ಟ.

ಹೆಂಗಸರು ಸತ್ತ ಗಂಡನದು ಏನೇನೋ ನೆನೆದು ಅಳುತ್ತಾರೆ. ಸುಧಾಮಣಿಯ ಕಿವಿಯಲ್ಲಿ ಕೂತಿದ್ದು ಆ "ಅಷ್ಟೇಯಾ". ಹದಿನಾರು ವರ್ಷಕ್ಕೆ ಒಂದು ಸಲ ಕೇಳಿದ. ಬಾಯಿಗೆ ಬಂದದ್ದು ಹೇಳಿ ಗಂಜಿ ಕಲಕಿದಳು. ಸರಿಯಾದ ಮಾರ್ಕು ಹೇಳಬೇಕಿತ್ತು. ಈಗಲಾದರೂ ಹೇಳಬೇಕು. ಕೇಳದೆ ಹೇಗೆ ಹೇಳುವುದು?

ಕೇಳುವ ಹಾಗಿರಲಿಲ್ಲ. ಆ ಮನೆತನದಲ್ಲಿ ಸಾವಾದ ಮೇಲೆ ವರ್ಷ ತುಂಬುವ ತನಕ ಮನೆಯೊಳಗೆ ಪದ ಏಳಬಾರದು, ಹಾಡು ಕೇಳಿಸಬಾರದು. ಟಿ.ವಿ.ಗೆ ಬೆಡ್‌ಶೀಟು ಹೊದಿಸಿದರು. ರುಬ್ಬುವಾಗ ಗುನುಗುವಂತಿಲ್ಲ. ಗಂಡನನ್ನು ಕಳಕೊಂಡವಳು ಬೇರೆಯವರ ಹೊಸಿಲು ತುಳಿಯುವಂತಿಲ್ಲ, ತವರಿಗೂ ಹೋಗುವಂತಿಲ್ಲ. ಅವಳಿಗೆ ಮಕ್ಕಳೂ ಇಲ್ಲ. ನಡುಮನೆ, ಅಡುಗೆಮನೆ, ಹಿತ್ತಿಲು, ಅಷ್ಟೇ ಅವಳ ಊರು. ಹಿತ್ತಿಲ ಸುತ್ತ ಸೋಲಾರ್ ತಂತಿ ಎಳೆದಿದ್ದರು. ಆನೆ ಒಳಗೆ ಬರುತ್ತಿರಲಿಲ್ಲ, ಅವಳು ಹೊರಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ತಂತಿ ನೋಡುವಳು, ಸಂಜೆ ತಂತಿ ನೋಡುವಳು.

ನಾಲ್ಕು ತಿಂಗಳು ಹೀಗೇ ಹೋಯಿತು.

ಆಮೇಲೆ ಮುಸುಕಿನ ಜೋಳ ಹಾಲು ತುಂಬಿತು. ಹಗಲು ಕೋತಿ, ನವಿಲು. ಹೊಲ ಕಾಯಲು ಆಳು ಸಿಗಲಿಲ್ಲ. ಕೂಲಿಯವರೆಲ್ಲ ಆಚೆ ಈಚೆ ಕೋಸು ಕೊಯ್ಯಲು ಹೋಗಿದ್ದರು. ನಟರಾಜನ ಅಣ್ಣ ಚನ್ನಬಸವನಿಗೆ ಹಸುಗಳ ಕೆಲಸವೇ ಕತ್ತಿನ ತನಕ. ಅವನ ಹೆಂಡತಿ ಮಂಗಳಗೌರಿಗೆ ಮಂಡಿನೋವು, ಹೊಲ ಕಾಯುವ ಅಟ್ಟಣೆಯ ಏಣಿ ಹತ್ತಲಾರಳು.

"ನಾ ಓಯ್ತೀನಿ ಅತ್ತೆ" ಅಂದಳು ಸುಧಾಮಣಿ.

ಅತ್ತೆ ಶಿವಮಲ್ಲಮ್ಮ ವಿಭೂತಿ ಉಂಡೆಯನ್ನು ಕೈಯಲ್ಲೇ ಹಿಡಿದು ಯೋಚನೆ ಮಾಡಿದಳು. "ಒಲ ನಮ್ದು. ನಮ್ ಒಲ್ಕ ನಾವ್ ಓದ್ರ ತಪ್ಪಿಲ್ಲ."

"ಅಟ್ಟದ್ ಮ್ಯಾಲ ಅವ್ರ ಪೆಟ್ಗೆ ಅದಲ್ಲ, ಅದ ಆಕ್ಲಾ?"

ಆ ಪೆಟ್ಟಿಗೆ ನಟರಾಜ್ ಮಾಡಿದ್ದು. ಹಳೆ ಟೆಂಪೋದ ಸಿಡಿ ಪ್ಲೇಯರು, ಒಂದು ದೊಡ್ಡ ಸ್ಪೀಕರು, ಹಳೆ ಬ್ಯಾಟರಿ. ಪ್ರತಿ ವರ್ಷ ಜೋಳದ ಕಾಲಕ್ಕೆ ಅಟ್ಟಣೆ ಮೇಲಿಟ್ಟು ಉಮಾಶಂಕರ್‌ನನ್ನು ಕೂಗಿಸಿ ಕೋತಿ ಓಡಿಸುತ್ತಿದ್ದ.

"ಆಕ್ಕ. ಅದು ಪದ ಅಲ್ಲ, ಸದ್ದು. ಡಬ್ಬ ಬಡ್ದಂಗ. ನಮ್ ನಟರಾಜ ಆಕ್ತಿದ್ದದ್ರಲ್ಲಿ ಯಾವ್ದವ್ವ ಪದ ಇತ್ತು?" ಅಂದಳು ಶಿವಮಲ್ಲಮ್ಮ. ಮಗ ಹೋದ ಮೇಲೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

ಚನ್ನಬಸವ ಒಂದು ಷರತ್ತು ಹಾಕಿದ. "ಸದ್ದು ನಂಗ ಕೊಟ್ಗೆಲಿ ಕೇಳಿಸ್ತಿರಬೇಕು ಕಣವ್ವ. ನಿಂತ್ರ ನೀ ಮನಿಕಂಡೆ ಅಂತಾನೆಯ."

"ಆಯ್ತು ಬಾವ."

ಕಾಡಿಗೆ ಮೇಯಲು ಬಿಡುವ ಹಸುವಿಗೆ ಗಂಟೆ ಕಟ್ಟುತ್ತಾರೆ. ಹಾಗೆ ಅವಳು ಹೊರಗೆ ಬಂದಳು.

ಏಳು ಸಿಡಿಯನ್ನೂ ಸೀರೆಯ ಮಡಿಲಲ್ಲಿ ಕಟ್ಟಿಕೊಂಡು ಹೋದಳು. ಏಳನೆಯದನ್ನು ಮೊದಲೇ ಹಾಕಬಹುದಿತ್ತು. ಹಾಕಲಿಲ್ಲ. ಮೊದಲಿಂದ ಕೇಳದವನು ಕಳ್ಳ ಅಂತ ಅವನೇ ಹೇಳಿದ್ದಲ್ಲವಾ? ಅವನ ಪ್ರಶ್ನೆಗೆ ಉತ್ತರ ಕೊಡುವುದಾದರೆ ಅವನ ಲೆಕ್ಕದಲ್ಲೇ ಕೊಡಬೇಕು. ದಿನಕ್ಕೊಂದು ಸಲ, ಒಂದೊಂದು ಸಿಡಿ ಮೂರು ದಿನ.

ಮೊದಲನೆಯದು 'ಕಪ್ಪು ಕಂಬಳಿ'. ನಟರಾಜ್ ಏಳು ಕೊಟ್ಟಿದ್ದ. ಅವಳಿಗೆ ಹುಡುಗ ಇನ್ನೂ ಸಿಟ್ಟು ಮಾಡಿಕೊಳ್ಳುವುದನ್ನು ಕಲಿಯುತ್ತಿದ್ದಾನೆ ಅನ್ನಿಸಿತು. ಅವನ ಏಳರ ಪಕ್ಕ ಸಣ್ಣಗೆ ಐದು ಬರೆದಳು. ಯಾರೂ ಬೈಯಲಿಲ್ಲ.

'ಡೀಸೆಲ್' ಚೆನ್ನಾಗಿತ್ತು. ಒಂದು ಹಾಡು ಗಾಡಿ ಸ್ಟಾರ್ಟ್ ಆಗದೆ ಕೆಮ್ಮುವ ಸದ್ದಿನಿಂದ ಶುರುವಾಗುತ್ತದೆ. ಮದುವೆಯಾದ ಹೊಸದರಲ್ಲಿ ನಟರಾಜ್ ಅವಳನ್ನು ಸತ್ಯಮಂಗಲಕ್ಕೆ ಕರೆದುಕೊಂಡು ಹೋದಾಗ ಅದೇ ಹಾಡು ಇತ್ತು. ಹದಿನಾಲ್ಕನೆಯ ತಿರುವಿನಲ್ಲಿ ಅವಳು ಕಿಟಕಿಯಿಂದ ವಾಂತಿ ಮಾಡಿದ್ದಳು. ಅವನು ಹಾಡು ನಿಲ್ಲಿಸಿರಲಿಲ್ಲ, ಅವಳ ತಲೆ ಮಾತ್ರ ಹಿಡಿದುಕೊಂಡಿದ್ದ. ಎಂಟು ಕೊಟ್ಟಳು. ಅವನದು ಒಂಬತ್ತು.

'ಮೈಸೂರು ಮೈದಾನ' ಜನರ ಮುಂದೆ ಹಾಡಿದ್ದು. ಅವನ ಹತ್ತಕ್ಕೆ ಹತ್ತು. ಆ ದಿನ ಅವನೂ ಆ ಮೈದಾನದಲ್ಲಿದ್ದ, ಚಪ್ಪಲಿ ಕಳಕೊಂಡು ಬಂದಿದ್ದ. ಅವಳು ಮೂರು ದಿನ ಕೇಳಿದಳು. ಅರ್ಧ ಜನರ ಕೂಗು, ಉಳಿದರ್ಧ ಹಲಸಿನ ಮರಕ್ಕೆ ಗರಗಸ ಹಾಕಿದ ಹಾಗೆ ಗಿಟಾರು. ಆದರೆ ಕೋತಿಗಳು ಅದಕ್ಕೇ ಹೆಚ್ಚು ಹೆದರುತ್ತಿದ್ದವು. ಕೆಲಸದ ಸಿಡಿ. ನಾಲ್ಕು.

ಪಕ್ಕದ ಹೊಲ ಕಾಯುತ್ತಿದ್ದವಳು ಮಾದಕ್ಕ, ಜೀರಹಳ್ಳಿ ಕಡೆಯ ಕಾಡಿನ ಹಾಡಿಯವಳು. ಕೂಲಿಗೆ ಬಂದವಳು. ಎಲೆ ಅಡಿಕೆ ಹಾಕಿಕೊಂಡು ಬದುವಿನ ಮೇಲೆ ಬಂದು ನಿಲ್ಲುವಳು.

"ಸುದವ್ವ, ಇವ ಯಾಕ ಇಂಗ ಅರಚ್ಕಂಡನು? ಯಾರಾರು ಒಡದರ?"

"ಪದ ಕಣ ಮಾದಕ್ಕ."

"ನಮ್ಮೋರು ಪದ ಎತ್ತುದ್ರ ಜಿಂಕ ನಿಂತ್ಕಂಡು ಕೇಳ್ತದ. ಇವನ್ ಪದಕ್ಕ ಕೋತಿನೂ ನಿಲ್ಲದಿಲ್ಲ."

"ನಿಲ್ಬಾರ್ದು ಅಂತ್ಲೇ ಆಕಿರದು."

"ಅಂಗಾರ ಸರಿ" ಅಂದಳು ಮಾದಕ್ಕ. "ಪಾಪ, ಅವನ್ಗ ಏಳ್ಬುಟ್ಟು ಆಕಿದಿರ ಇಲ್ವ?"

ಸುಧಾಮಣಿ ನಕ್ಕಳು. ನಕ್ಕ ಮೇಲೆ ಸುತ್ತ ನೋಡಿದಳು, ಬಾವ ಏನಾದರೂ ಕಂಡನಾ ಅಂತ.

ನಾಲ್ಕು, ಐದು, ಆರು ಹೀಗೇ ಕಳೆದವು. ಸ್ಟುಡಿಯೋ ಅಂದರೆ ಬಾಗಿಲು ಹಾಕಿದ ಕೋಣೆ, ಗೋಡೆಗೆಲ್ಲ ಹಾಸಿಗೆ ಬಡಿದಿರುತ್ತಾರೆ, ಒಳಗಿನ ಸದ್ದು ಹೊರಗೆ ಹೋಗುವುದಿಲ್ಲ ಅಂತ ನಟರಾಜ್ ಒಮ್ಮೆ ಹೇಳಿದ್ದ. ಅಂಥ ಕೋಣೆ ಹೇಗಿರುತ್ತದೆ ಅಂತ ಅವಳಿಗೆ ಈಗ ಗೊತ್ತು. ಸ್ಟುಡಿಯೋ ಸಿಡಿಗಳಿಗೆ ಅವಳು ಅರ್ಧ ಅರ್ಧ ಮಾರ್ಕು ಹೆಚ್ಚು ಕೊಟ್ಟಳು. ಅದಕ್ಕೋ ಏನೋ.

ಹತ್ತೊಂಬತ್ತನೆಯ ದಿನ ಏಳನೆಯ ಸಿಡಿ ತೆಗೆದಳು. 'ಕರೆಂಟು ಹೋದ ದಿನ'. ಕವರಿನ ಹಿಂಬದಿಯ ಬರಹವನ್ನು ಬೆರಳಿಟ್ಟು ಕೂಡಿಸಿ ಓದಿದಳು. ಯಾವುದೋ ಊರಿನ ಕಲ್ಯಾಣ ಮಂಟಪದಲ್ಲಿ ಹಾಡಬೇಕಿತ್ತಂತೆ. ಹಾಡುವ ಹೊತ್ತಿಗೆ ಕರೆಂಟು ಹೋಯಿತಂತೆ. ಮೈಕಿಲ್ಲ, ಗಿಟಾರು ಸತ್ತ ಹಾವು. ಜನ ಎದ್ದು ಹೋದರು. ನಲವತ್ತು ಮಂದಿ ಉಳಿದರು. ಯಾರದೋ ಮರದ ಗಿಟಾರು ಇಸಕೊಂಡು ಅವನು ಕುರ್ಚಿಯ ಮೇಲೆ ಕೂತು ಹಾಡಿದ. ಒಬ್ಬ ಬ್ಯಾಟರಿ ಟೇಪಿನಲ್ಲಿ ಅದನ್ನು ತುಂಬಿಕೊಂಡ.

ಪೂರ್ತಿ ಸದ್ದಿಗೆ ಇಟ್ಟು ಹಾಕಿದಳು. ದನಿ ಒಡೆಯಿತು. ಅವನು ಮಾತಾಡುವಷ್ಟು ಮೆಲ್ಲಗೆ ಹಾಡಿದ್ದ, ಅದನ್ನು ಊರಿಗೆಲ್ಲ ಕೇಳುವ ಹಾಗೆ ಎಳೆದರೆ ಯಾರೋ ಕೆಮ್ಮಿದ್ದು ಗುಂಡು ಹೊಡೆದ ಹಾಗೆ, ಹಾಡು ತಗಡು ಕೆರೆದ ಹಾಗೆ. ಎರಡು ಹಾಡಿಗೆ ನಟರಾಜ್ ಯಾಕೆ ತೆಗೆಯುತ್ತಿದ್ದ ಅಂತ ಆಗ ತಿಳಿಯಿತು. ಅವನ ಟೆಂಪೋ ಇಂಜಿನ್ನಿನ ಮೇಲೆ ಇದು ಕೇಳುತ್ತಲೇ ಇರಲಿಲ್ಲ. ಕೇಳದ್ದಕ್ಕೆ ಮೂರು ಕೊಟ್ಟಿದ್ದಾನೆ. ಹಾಗಾದರೆ ಅವನೂ ಕಳ್ಳನೇ.

ಇದನ್ನು ಮೆಲ್ಲಗೆ ಕೇಳಬೇಕು. ಮನೆಯಲ್ಲಿ ಕೇಳುವ ಹಾಗಿಲ್ಲ, ಹೊಲದಲ್ಲಿ ಮೆಲ್ಲಗೆ ಇಡುವ ಹಾಗಿಲ್ಲ.

ಮಾರನೆಯ ದಿನ ಮಾದಕ್ಕನಿಗೆ ಹೇಳಿದಳು. ಮಾದಕ್ಕ ಡಬ್ಬ ತಂದು ಅಟ್ಟಣೆ ಕೆಳಗೆ ಬಡಿಯತೊಡಗಿದಳು. ಕೊಟ್ಟಿಗೆಗೆ ಸದ್ದು ಮುಟ್ಟಿತು. ಹಾಡು ಮಾತ್ರ ಸುಧಾಮಣಿಯ ಕಿವಿ ಮುಟ್ಟಲಿಲ್ಲ.

"ಒಸಿ ಆ ಕಡೀಕ್ ಓಗಿ ಬಡಿ ಮಾದಕ್ಕ."

"ಆ ಕಡೀಕ್ ಓದ್ರ ನಮ್ ಒಲ ಯಾರ್ ನೋಡರು? ನಂಗ ಕೂಲಿ ಕೊಡವ್ರು ನಿಮ್ ಉಮಾಸಂಕ್ರನ?"

ಸರಿಯಾದ ಮಾತು. ಅದರ ಮಾರನೆಯ ದಿನ ಸುಧಾಮಣಿ ಯಾರಿಗೂ ಹೇಳಲಿಲ್ಲ. ಬಾವ ಹಾಲು ಹಾಕಲು ಡೇರಿಗೆ ಹೋಗುವ ಹೊತ್ತು ನೋಡಿಕೊಂಡಳು. ಸದ್ದು ಇಳಿಸಿದಳು. ಪೆಟ್ಟಿಗೆಗೆ ಕಿವಿ ಇಟ್ಟು ಕೂತಳು.

ಹಾಡುಗಳು ಹೊಸವಲ್ಲ. 'ಡೀಸೆಲ್'ನಲ್ಲಿ ಅರಚಿದ ಹಾಡೇ. ಅಲ್ಲಿ ಜಗಳ ತೆಗೆಯುವ ಹಾಗೆ ಹೇಳಿದ ಮಾತನ್ನು ಇಲ್ಲಿ ಯಾರದೋ ಬಾಗಿಲಲ್ಲಿ ನಿಂತು ನೀರು ಕೇಳುವ ಹಾಗೆ ಹೇಳಿದ. ಒಂದು ಹಾಡು ಮುಗಿಸಿ ಹೊರಗೆ ಮಳೆ ಬರುತ್ತಿದೆಯಾ ಅಂತ ಕೇಳಿದ. ಇಲ್ಲ ಅಂದರು ಯಾರೋ. ಕುರ್ಚಿ ಕಿರ್ ಅಂದಿತು. ಗಿಟಾರಿನ ತಂತಿಯ ಮೇಲೆ ಬೆರಳು ಜಾರುವುದೂ ಕೇಳುತ್ತಿತ್ತು. ನಟರಾಜ್ ಜ್ವರದಲ್ಲಿ ಚಾಪೆಯ ಮೇಲೆ ಬೆರಳು ಆಡಿಸುತ್ತಿದ್ದ, ಹಾಗೆ. ಸುಧಾಮಣಿ ಅಳಲಿಲ್ಲ. ಆರು ಹಾಡು ಕೇಳಿದಳು. ಒಂಬತ್ತು ಕೊಡಬೇಕು ಅಂತ ಮನಸ್ಸಿನಲ್ಲೇ ಬರೆದುಕೊಂಡಳು. ಇನ್ನೊಂದು ಹಾಡು ಉಳಿದಿತ್ತು.

ಏಣಿ ಅಲುಗಿತು. ಚನ್ನಬಸವನ ತಲೆ ಮೇಲೆ ಬಂತು. ಹಾಲಿನ ಕ್ಯಾನು ಕೈಯಲ್ಲೇ ಇತ್ತು.

"ಕೆಳಮೂಲ ನೋಡವ್ವ."

ನೋಡಿದಳು. ಕೆಳಮೂಲೆಯ ಜೋಳ ಅಲ್ಲಾಡುತ್ತಿತ್ತು. ಮೂವತ್ತಕ್ಕೆ ಕಮ್ಮಿಯಿಲ್ಲದ ಕೋತಿಗಳು. ಒಂದು ಕಚ್ಚಿ ಎಸೆದು ಇನ್ನೊಂದು ಕೀಳುತ್ತಿದ್ದವು. ಮರಿ ಕಟ್ಟಿಕೊಂಡ ಒಂದು ಹೆಣ್ಣು ಬದುವಿನ ಮೇಲೆ ಆರಾಮಾಗಿ ಕೂತು ಸಿಪ್ಪೆ ಸುಲಿಯುತ್ತಿತ್ತು.

"ಮನಿಕಂಡಿದ್ರ ಸುಮ್ಕಿರ್ತಿದ್ದಿ" ಅಂದ ಚನ್ನಬಸವ. "ಪದ ಕೇಳ್ತ ಕುಂತಿದಿಯಲ್ಲ. ಅವ ಸತ್ತು ಅರ್ದ ವರ್ಸ ಆಗಿಲ್ಲ."

"ಒಂದು ಉಳ್ದದ ಬಾವ. ಒಂಬತ್ ನಿಮ್ಸ. ಆಮ್ಯಾಲ ಬೈರಿ."

ಅವನು ಬ್ಯಾಟರಿಯ ತಂತಿ ಕಿತ್ತ.

ಮನೆಗೆ ನಡೆದರು. ಅವನು ಮುಂದೆ, ಅವಳು ಹಿಂದೆ. ಶಿವಮಲ್ಲಮ್ಮನಿಗೆ ಅವನೇ ಎಲ್ಲ ಹೇಳಿದ. ಅವಳು ಸೊಸೆಯನ್ನು ಏನೂ ಕೇಳಲಿಲ್ಲ. "ನಾಳಿಂದ ಮನೇಲಿರು" ಅಂದಳು.

ಸುಧಾಮಣಿ ಮನೆಯಲ್ಲಿದ್ದಳು. ಬೆಳಿಗ್ಗೆ ತಂತಿ ನೋಡಿದಳು, ಸಂಜೆ ತಂತಿ ನೋಡಿದಳು. ಆರು ಹಾಡಿಗೆ ಮಾರ್ಕು ಹಾಕಿದರೆ ಆಗುವುದಿಲ್ಲವಾ ಅಂತ ತನ್ನನ್ನೇ ಕೇಳಿಕೊಂಡಳು. ಆಗುವುದಿಲ್ಲ. ಎರಡು ಹಾಡಿಗೆ ಹಾಕಿದವನನ್ನು ಕಳ್ಳ ಅಂದವಳು ಆರಕ್ಕೆ ಹಾಕಿದರೆ ಏನಾದಳು?

ಹೊಲ ಕಾಯಲು ಚನ್ನಬಸವನೇ ಹೋದ. ಪೆಟ್ಟಿಗೆ ಅವನ ಮಾತು ಕೇಳಲಿಲ್ಲ. ಪ್ಲೇಯರಿನ ಒಳಗೆ ಒಂದು ತಂತಿ ಸಡಿಲ, ಅದಕ್ಕೆ ಹೇರ್‌ಪಿನ್ನು ಸಿಕ್ಕಿಸಿ ಒಂದು ಗುದ್ದು ಕೊಡಬೇಕು. ಅವನು ಗುದ್ದು ಮಾತ್ರ ಕೊಟ್ಟ. ಡಬ್ಬ ಬಡಿದ, ಕೂಗಿದ. ಎರಡು ದಿನಕ್ಕೆ ಗಂಟಲು ಕಟ್ಟಿತು. ಮೂರನೆಯ ದಿನ ಹಸುಗಳಿಗೆ ನೀರಿಡುವವರಿಲ್ಲದೆ ಅವು ಒದರಿದವು.

"ಅವಳ್ನೇ ಕಳ್ಸವ್ವ" ಅಂದ ತಾಯಿಗೆ. ದನಿ ಕಪ್ಪೆಯ ಹಾಗಿತ್ತು.

ಶಿವಮಲ್ಲಮ್ಮ ಅಡುಗೆಮನೆಗೆ ಬಂದಳು. ಸುಧಾಮಣಿ ರಾಗಿ ಕೇರುತ್ತಿದ್ದಳು, ಮೊರ ನಿಲ್ಲಿಸಲಿಲ್ಲ.

"ನಾಳಿಂದ ಒಲ್ಕ ಓಗು."

"ಆ ಪದ ಮುಗೀಬೇಕು ಅತ್ತೆ. ಸದ್ ಇಳ್ಸಿ ಕೇಳ್ಬೇಕು. ಅಂಗಾದ್ರ ಓಯ್ತೀನಿ."

"ಏನವ್ವ ಅಂತಾ ಪದ? ಅವ ಓಗವ್ನ, ನಾವೆಲ್ಲ ಬಾಯ್ ಮುಚ್ಕಂಡು ಕುಂತಿವಿ. ಅವನ್ಗಾಗೆ ಅಲ್ವ?"

ಸುಧಾಮಣಿ ಮೊರ ಕೆಳಗಿಟ್ಟಳು. "ಬದ್ಕಿದ್ದಾಗ ಒಂದ್ ದಿನ ಸುಮ್ಕ ಇರ್ಲಿಲ್ಲ ನಿಮ್ ಮಗ. ಓಗ ಮುಂಚ ನನ್ನ ಒಂದ್ ಮಾತ್ ಕೇಳುದ್ರು, ಈ ಸಿಡಿಗ ಎಷ್ಟ್ ಮಾರ್ಕು ಅಂತ. ನಾ ಕೇಳ್ದೆನೇ ಏಳ್ಬುಟ್ಟಿ. ಅದ ಏಳ್ಬೇಕು. ನಂಗ ಬ್ಯಾರೆ ಏನೂ ಬ್ಯಾಡ."

ಶಿವಮಲ್ಲಮ್ಮ ಒಲೆಯ ಮುಂದೆ ಕೂತಳು.

"ನನ್ ಉಪ್ಸಾರ್ಗೂ ಕೊಡ್ತಿದ್ದ ಮಾರ್ಕ" ಅಂದಳು. "ಆರು."

"ನಂಗ ಏಳು."

"ನಿಂಗ ಏಳ?" ಅಂದಳು ಶಿವಮಲ್ಲಮ್ಮ. ಒಲೆಯ ಕೊಳ್ಳಿ ಒಳಕ್ಕೆ ತಳ್ಳಿ, "ಒಂದ್ಸಲ. ಒಂದೇಯ. ಪದ ಅನ್ಬ್ಯಾಡ ಯಾರ್ಗೂ. ಬಸವ ಕೆಳಮೂಲೇಲಿ ನಿಂತ್ಕತನ."

ಮಾರನೆಯ ದಿನ ಬಿಸಿಲು ನೆತ್ತಿಗೆ ಬರುವ ಮೊದಲು ಚನ್ನಬಸವ ಕೆಳಮೂಲೆಯಲ್ಲಿ ನಿಂತ. ಕೂಗಲು ಗಂಟಲಿಲ್ಲ, ಟವಲು ಬೀಸುತ್ತಿದ್ದ. ಈ ಕಡೆ ಮಾದಕ್ಕ ತನ್ನ ಹೊಲ ಬಿಟ್ಟು ಬದುವಿಗೆ ಬಂದು ನಿಂತಿದ್ದಳು.

"ಬೇಗ ಕೇಳ್ಕಳಿ ಸುದವ್ವ. ಬಸವಣ್ಣೋರು ಮದ್ವ ಮನೇಲಿ ಗಾಳಿ ಬೀಸವ್ರಂಗ ನಿಂತವ್ರ."

ಸುಧಾಮಣಿ ಪಿನ್ನು ಸಿಕ್ಕಿಸಿ ಗುದ್ದಿದಳು. ಏಳನೆಯ ಹಾಡು ಹಾಕಿ ಕಿವಿ ಇಟ್ಟಳು.

ಚೆನ್ನಾಗಿ ಶುರುವಾಯಿತು. ಇದು ಯಾವ ಸಿಡಿಯಲ್ಲೂ ಇಲ್ಲದ ಹಾಡು. ನಾಲ್ಕು ನಿಮಿಷ ಅವಳು ಉಸಿರು ಹಿಡಿದು ಕೂತಳು. ಆಮೇಲೆ ಅವನು ಮಾತು ಮರೆತ. ಅದೇ ಸಾಲನ್ನು ಎರಡು ಸಲ ಸುತ್ತಿದ. ಮುಂದೇನು ಅಂತ ಕೂತವರನ್ನು ಕೇಳಿದ. ಹೊಸ ಹಾಡು, ಯಾರಿಗೆ ಗೊತ್ತು? ನಕ್ಕರು. ಅವನೂ ನಕ್ಕ. ನಕ್ಕ ಮೇಲೆ ಹಾಡಿನೊಳಗೆ ಮತ್ತೆ ಹೋಗಲಾಗಲಿಲ್ಲ ಅವನಿಗೆ. ಸುಮ್ಮನೆ ಬೇಗ ಬೇಗ ಬಾರಿಸಿ ಮುಗಿಸಿದ. ನಲವತ್ತು ಜನ ಚಪ್ಪಾಳೆ ತಟ್ಟಿದರು. ಕುರ್ಚಿ ಸರಿದ ಸದ್ದು. ಮುಗಿಯಿತು.

ಸುಧಾಮಣಿಗೆ ಸಿಟ್ಟು ಬಂತು. ಇದಕ್ಕಾಗಿ ಮೂರು ದಿನ ತಂತಿ ನೋಡಿದ್ದಳು. ಒಂಬತ್ತು ಅಂದುಕೊಂಡಿದ್ದಳು. ಅತ್ತೆಯ ಮುಂದೆ ಅಷ್ಟು ಮಾತಾಡಿ, ಬಾವನನ್ನು ಬಿಸಿಲಲ್ಲಿ ನಿಲ್ಲಿಸಿ, ಒಂಬತ್ತೇ ಬರೆದುಬಿಡಬಹುದಿತ್ತು. ಸತ್ತವನು ಬಂದು ನೋಡುತ್ತಾನಾ?

ಆದರೆ ಮರೆತದ್ದು ಮರೆತದ್ದೇ. ಹೊಸ ಹಾಡನ್ನು ಕಲಿತುಕೊಂಡು ಬರಬೇಕಿತ್ತು. ಒಂದು ಮಾರ್ಕು ಕಳೆದಳು.

ಕವರಿನ ಮೇಲೆ ಅವನ ಮೂರನ್ನು ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ ಎಂಟು ಬರೆದಳು. ಈ ಸಲ ಸಣ್ಣಗೆ ಬರೆಯಲಿಲ್ಲ.

"ಎಂಟು ಕಣ್ರಿ" ಅಂದಳು.

"ನನ್ಗ ಏಳುದ್ರ?" ಅಂದಳು ಮಾದಕ್ಕ ಕೆಳಗಿಂದ.

"ಇಲ್ಲ ಮಾದಕ್ಕ."

ಕೆಳಮೂಲೆಯಿಂದ ಚನ್ನಬಸವ ಟವಲು ಎತ್ತಿ ತೋರಿಸಿದ, ಆಯಿತಾ ಅಂತ. ಅವಳು ತಲೆ ಆಡಿಸಿದಳು. ಅವನು ಟವಲನ್ನು ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಯ ಕಡೆ ನಡೆದ. ಜೋಳ ಮುರಿಯಲು ಇನ್ನು ಮೂರು ವಾರ. ಆಮೇಲೆ ಅಟ್ಟಣೆ ಬಿಚ್ಚುತ್ತಾರೆ, ಪೆಟ್ಟಿಗೆ ಅಟ್ಟಕ್ಕೆ ಹೋಗುತ್ತದೆ, ಅವಳು ತಂತಿಯ ಒಳಗೆ ಹೋಗುತ್ತಾಳೆ. ವರ್ಷ ತುಂಬಲು ಇನ್ನೂ ಏಳು ತಿಂಗಳ ಮೇಲಿತ್ತು.

ಕಾಡಂಚಿನ ಮರದಲ್ಲಿ ಕೋತಿಗಳು ಸಾಲಾಗಿ ಕೂತು ಹೊಲವನ್ನೇ ನೋಡುತ್ತಿದ್ದವು. ಸುಧಾಮಣಿ 'ಮೈಸೂರು ಮೈದಾನ' ಹಾಕಿ ಸದ್ದು ಏರಿಸಿದಳು.